ಸುಮ್ನೆ ನೋಡಿದ್ದರ ಲೆಕ್ಕ

ಫೋನ್ ನೋಡುತ್ತಾ ಕೂತವರನ್ನು 'ಏನು ನೋಡ್ತಾ ಇದ್ದೀರಿ?' ಅಂತ ಕೇಳಿ. ಹೆಚ್ಚಿನ ಸಲ ಬರುವ ಉತ್ತರ ಒಂದೇ: 'ಏನಿಲ್ಲ, ಸುಮ್ನೆ.' ನಾನೂ ಅದೇ ಉತ್ತರ ಕೊಡುತ್ತೇನೆ. ಅದು ಸುಳ್ಳೂ ಅಲ್ಲ. ನಿಜವಾಗಿಯೂ ಏನನ್ನೂ ನೋಡುತ್ತಿರುವುದಿಲ್ಲ.

ಈ 'ಸುಮ್ನೆ' ವಿಚಿತ್ರವಾದ ಪದ. ಕಾರಣವಿಲ್ಲದೆ ಮಾಡಿದ್ದಕ್ಕೂ ಸುಮ್ನೆ ಅನ್ನುತ್ತೇವೆ. ಮಾತಿಲ್ಲದೆ, ಕೆಲಸವಿಲ್ಲದೆ ಕೂರುವುದಕ್ಕೂ ಸುಮ್ನೆ ಅನ್ನುತ್ತೇವೆ. 'ಸುಮ್ನೆ ಯಾರೂ ಏನೂ ಕೊಡಲ್ಲ' ಅನ್ನುವಾಗ ಅದಕ್ಕೆ ಪುಕ್ಕಟೆ ಅನ್ನುವ ಅರ್ಥ. ಫೋನಿನ ವಿಷಯದಲ್ಲಿ ಈ ಮೂರೂ ಅರ್ಥ ಒಟ್ಟಿಗೆ ಬಂದು ಕೂರುತ್ತವೆ. ಸುಮ್ನೆ ಸಿಗುವ ಆ್ಯಪನ್ನು ಸುಮ್ನೆ ತೆರೆಯುತ್ತೇವೆ. ಸುಮ್ನೆ ಕೂರಬಹುದಾಗಿದ್ದ ಹೊತ್ತು ಅದಕ್ಕೆ ಹೋಗುತ್ತದೆ. ಈ ವ್ಯಾಪಾರದಲ್ಲಿ ನಾವು ಕೊಡುತ್ತಿರುವುದು ಏನು, ಅದು ಎಲ್ಲಿಂದ ಕಳೆಯುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ವಾರಕ್ಕೊಮ್ಮೆ ಫೋನ್ ತಾನಾಗಿಯೇ ಒಂದು ಲೆಕ್ಕ ಒಪ್ಪಿಸುತ್ತದೆ. ಆಪಲ್ ಮತ್ತು ಗೂಗಲ್ ಎರಡೂ 2018ರಲ್ಲಿ ಈ ಸೌಲಭ್ಯ ತಂದವು. ದಿನಕ್ಕೆ ಸರಾಸರಿ ಇಷ್ಟು ಗಂಟೆ ಪರದೆ ನೋಡಿದ್ದೀರಿ, ಹೋದ ವಾರಕ್ಕಿಂತ ಇಷ್ಟು ಜಾಸ್ತಿ. ಓದಿದಾಗ ಒಂದು ಕ್ಷಣ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ. ಆಮೇಲೆ ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಮತ್ತೆ ಅದೇ ಪರದೆ ನೋಡುತ್ತೇವೆ. ಸಾಲ ಕೊಟ್ಟವನೇ ನಮ್ಮ ಲೆಕ್ಕದ ಪುಸ್ತಕವನ್ನೂ ಬರೆದ ಹಾಗಿದೆ ಇದು.

ದಿನಕ್ಕೆ 4 ಗಂಟೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,460 ಗಂಟೆ. ಹಗಲೂ ರಾತ್ರಿ ಸೇರಿಸಿದರೆ ಸುಮಾರು 61 ದಿನ. ನಿದ್ದೆಯ 8 ಗಂಟೆ ಬಿಟ್ಟು, ಎಚ್ಚರವಿರುವ 16 ಗಂಟೆಯನ್ನೇ ಒಂದು ದಿನ ಅಂತ ಎಣಿಸಿದರೆ 91 ದಿನ. ವರ್ಷದ ಕಾಲು ಭಾಗ! ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಉಳಿತಾಯಕ್ಕೆ ಮಾತ್ರ ಹೇಳಿದ ಮಾತಲ್ಲ.

ಆದರೆ ಈ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ಆ 4 ಗಂಟೆಯಲ್ಲಿ ದಾರಿ ಹುಡುಕಿದ್ದೂ ಇದೆ, ಬಿಲ್ ಕಟ್ಟಿದ್ದೂ ಇದೆ, ದೂರದಲ್ಲಿರುವ ಅಕ್ಕನ ಜೊತೆ ವಿಡಿಯೋ ಕಾಲ್ ಮಾಡಿದ್ದೂ ಇದೆ. ಒಂದು ಗಂಟೆ ಪಾಠ ಕೇಳಿದರೂ, ಒಂದು ಗಂಟೆ ರೀಲ್ಸ್ ನೋಡಿದರೂ ಈ ಪುಸ್ತಕದಲ್ಲಿ ಒಂದೇ. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಪರದೆ ಬೆಳಗುತ್ತಿದ್ದ ಹೊತ್ತನ್ನು ಮಾತ್ರ ಈ ಲೆಕ್ಕ ಎಣಿಸುತ್ತದೆ. ಖರ್ಚಿನ ದೊಡ್ಡ ಪಾಲು ಆಗುವುದು ಪರದೆ ಆರಿದ ಮೇಲೆ.

ಪರದೆ ಆರಿದ ಮೇಲೆ

ಬಾವಿಯಿಂದ ನೀರು ಸೇದುತ್ತಿದ್ದೀರಿ. ಕೊಡ ಮುಕ್ಕಾಲು ಭಾಗ ಮೇಲೆ ಬಂದಿದೆ. ಯಾರೋ ಕರೆದರು ಅಂತ ಹಗ್ಗ ಬಿಟ್ಟರೆ ಕೊಡ ಅಲ್ಲೇ ನಿಂತಿರುವುದಿಲ್ಲ, ಸರ್ರನೆ ಕೆಳಗೆ ಹೋಗುತ್ತದೆ. ಒಂದೇ ಮಾತಾಡಿ ಬಂದರೂ ಮತ್ತೆ ಮೊದಲಿಂದ ಸೇದಬೇಕು. ಮನಸ್ಸಿಟ್ಟು ಮಾಡುವ ಕೆಲಸವೂ ಹೀಗೇ. ಮಾತಾಡಿದ್ದು ಹತ್ತು ಸೆಕೆಂಡು. ಕೊಡ ಮತ್ತೆ ಮೇಲೆ ಬರಲು ಎಷ್ಟು ಹೊತ್ತಾಯಿತು ಅನ್ನುವುದು ಯಾವ ವರದಿಯಲ್ಲೂ ಬರುವುದಿಲ್ಲ.

ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಗಮನದ ಉಳಿಕೆ' ಅನ್ನಬಹುದು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸು ಪೂರ್ತಿಯಾಗಿ ಬರುವುದಿಲ್ಲ. ಅದರ ಒಂದು ಚೂರು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ಹಿಂದಿನ ಕೆಲಸ ಅರ್ಧಕ್ಕೇ ನಿಂತಿದ್ದರಂತೂ ಇನ್ನೂ ಜಾಸ್ತಿ. ಆ ಚೂರಿನಿಂದಾಗಿ ಮುಂದಿನ ಕೆಲಸ ಕೆಡುತ್ತದೆ. ಈಗ ಫೋನನ್ನು ಯೋಚಿಸಿ. ಅದರಲ್ಲಿ ಪೂರ್ತಿ ಮುಗಿಯುವುದು ಏನಾದರೂ ಇದೆಯೇ? ಅರ್ಧ ಓದಿದ ಸುದ್ದಿ, ಉತ್ತರ ಕೊಡದೆ ಬಿಟ್ಟ ಮೆಸೇಜು, ಯಾರದೋ ಜಗಳದ ಮಧ್ಯದ ಎರಡು ಸಾಲು. ಇವೆಲ್ಲ ಅಂಟಿಸಿಕೊಂಡೇ ನಾವು ಕೆಲಸಕ್ಕೆ ವಾಪಸು ಬರುತ್ತೇವೆ.

'ನನಗೇನೂ ತೊಂದರೆಯಿಲ್ಲ, ನನ್ನ ಕೆಲಸ ಮುಗಿಯುತ್ತದೆ' ಅನ್ನುವವರಿದ್ದಾರೆ. ಅವರ ಮಾತು ಸರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಡ್ಡಿಯಾದವರು ಕೆಲಸವನ್ನು ಇತರರಿಗಿಂತ ಬೇಗವೇ ಮುಗಿಸಿದರು. ಕಳೆದುಕೊಂಡ ಹೊತ್ತನ್ನು ಹಿಡಿಯಲು ವೇಗವಾಗಿ ಓಡಿದರು. ಆದರೆ ಒತ್ತಡ, ಕಿರಿಕಿರಿ, ಹೊತ್ತಾಯಿತು ಅನ್ನುವ ಧಾವಂತ ಎಲ್ಲ ಅವರಿಗೆ ಜಾಸ್ತಿಯಾಗಿತ್ತು. ಕೆಲಸದ ಲೆಕ್ಕದಲ್ಲಿ ನಷ್ಟ ಕಾಣಲಿಲ್ಲ. ನಷ್ಟ ಮೈಗೆ ಹೋಯಿತು. ಸಂಜೆ ಹೊತ್ತಿಗೆ 'ಇವತ್ತು ಏನೂ ಮಾಡಿಲ್ಲ, ಆದರೂ ಯಾಕೋ ಸುಸ್ತು' ಅನ್ನಿಸುತ್ತದಲ್ಲ, ಆ ಸುಸ್ತಿನ ಒಂದು ಪಾಲು ಇಲ್ಲಿಂದ ಬಂದಿದ್ದಿರಬಹುದು.

ಇದೇ ಗ್ಲೋರಿಯಾ ಮಾರ್ಕ್ ಜನ ಒಂದು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ವರ್ಷಗಟ್ಟಲೆ ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇತ್ತು. ಇತ್ತೀಚಿನ ಅಳತೆಗಳಲ್ಲಿ ಅದು ಸುಮಾರು 47 ಸೆಕೆಂಡು. ಇದು ಗಮನದ ಶಕ್ತಿಯೇ ಕುಗ್ಗಿಹೋಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಜನ ಎಷ್ಟು ಬೇಗ ಬೇರೆ ಕಡೆ ಹೋಗುತ್ತಾರೆ ಅನ್ನುವುದರ ಅಳತೆ ಅಷ್ಟೇ. ಮನುಷ್ಯರ ಗಮನ ಈಗ ಬಂಗಾರದ ಮೀನಿಗಿಂತ ಕಡಿಮೆ, ಬರೀ 8 ಸೆಕೆಂಡು ಅಂತ ಒಂದು ಮಾತು ಓಡಾಡುತ್ತದೆ. ಅದಕ್ಕೆ ಆಧಾರವೇ ಇಲ್ಲ. ಮೀನಿನ ಗಮನವನ್ನೂ ಯಾರೂ ಹಾಗೆ ಅಳೆದಿಲ್ಲ, ಪಾಪ.

ಅಡ್ಡಿ ಎಲ್ಲವೂ ಹೊರಗಿನಿಂದ ಬರುವುದಿಲ್ಲ ಅನ್ನುವುದೂ ಈ ಅಧ್ಯಯನಗಳಲ್ಲಿ ಕಂಡಿದೆ. ಹೆಚ್ಚುಕಡಿಮೆ ಅರ್ಧದಷ್ಟು ಸಲ ನಾವೇ ನಮಗೆ ಅಡ್ಡ ಬರುತ್ತೇವೆ. ಯಾವ ಸದ್ದೂ ಆಗಿರುವುದಿಲ್ಲ. ಕೈ ತಾನಾಗಿಯೇ ಹೋಗುತ್ತದೆ. ಜೇಬಿನಲ್ಲಿ ಫೋನ್ ನಡುಗಿದಂತಾಗಿ ತೆಗೆದು ನೋಡಿದರೆ ಏನೂ ಬಂದಿರುವುದಿಲ್ಲ. ಇದು ನಿಮ್ಮೊಬ್ಬರ ಭ್ರಮೆ ಅಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ಹತ್ತರಲ್ಲಿ ಒಂಬತ್ತು ಮಂದಿ ನಮಗೂ ಹಾಗಾಗಿದೆ ಅಂದರು.

ಫೋನ್ ಬರೀ ಮೇಜಿನ ಮೇಲಿದ್ದರೆ? ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು 2017ರಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವರ ಫೋನ್ ಎದುರಿಗೆ ಬೋರಲಾಗಿ, ಕೆಲವರದು ಜೇಬು ಅಥವಾ ಚೀಲದಲ್ಲಿ, ಕೆಲವರದು ಬೇರೆ ಕೋಣೆಯಲ್ಲಿ. ಎಲ್ಲ ಫೋನುಗಳ ಸದ್ದನ್ನೂ ಅಡಗಿಸಿದ್ದರು. ಬೇರೆ ಕೋಣೆಯಲ್ಲಿ ಬಿಟ್ಟವರು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಇದನ್ನೇ ಮಾಡಿ ನೋಡಿದಾಗ ಕೆಲವರಿಗೆ ಅದೇ ಫಲ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಹಾಗಾಗಿ ಇದನ್ನು ಕಲ್ಲಿನಲ್ಲಿ ಕೆತ್ತುವುದು ಬೇಡ. ನನ್ನ ಮಟ್ಟಿಗೆ ಹೇಳಬೇಕೆಂದರೆ, ಇದನ್ನು ಬರೆಯುವಾಗ ಫೋನ್ ಒಳಗಿನ ಕೋಣೆಯಲ್ಲಿದೆ. ಎರಡು ಸಲ ಎದ್ದು ಹೋಗಿದ್ದೇನೆ.

ಕೆಳಗಿಡಲು ಯಾಕೆ ಆಗುವುದಿಲ್ಲ

ಇಲ್ಲಿ ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಮನಸ್ಸು ಗಟ್ಟಿಯಿಲ್ಲ, ಶಿಸ್ತಿಲ್ಲ ಅಂತ. ಆ ಬೈಗುಳ ಸ್ವಲ್ಪ ಪಕ್ಕಕ್ಕಿರಲಿ. ಮೊದಲು ಪಾರಿವಾಳದ ಕಥೆ ಕೇಳಿ.

ಬಿ.ಎಫ್. ಸ್ಕಿನ್ನರ್ ಅನ್ನುವ ಮನೋವಿಜ್ಞಾನಿ 20ನೇ ಶತಮಾನದ ನಡುವಿನಲ್ಲಿ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡುತ್ತಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ನಿಗದಿಯಾಗಿ ಇಷ್ಟು ಸಲ ಕುಕ್ಕಿದರೆ ಒಂದು ಕಾಳು ಅಂತ ಮಾಡಿದರೆ ಹಕ್ಕಿ ಕುಕ್ಕುತ್ತದೆ, ಕಾಳು ತಿನ್ನುತ್ತದೆ, ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುತ್ತದೆ. ಯಾವಾಗ ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಮಾಡಿದರೆ? ಒಮ್ಮೆ ಮೂರನೇ ಕುಕ್ಕಿಗೆ, ಒಮ್ಮೆ ಮೂವತ್ತನೇ ಕುಕ್ಕಿಗೆ. ಆಗ ಹಕ್ಕಿ ಸುಧಾರಿಸಿಕೊಳ್ಳುವುದೇ ಇಲ್ಲ. ಒಂದೇ ಸಮನೆ ಕುಕ್ಕುತ್ತದೆ. ಕಾಳು ಕೊಡುವುದನ್ನು ಪೂರ್ತಿ ನಿಲ್ಲಿಸಿದರೂ ಬಹಳ ಹೊತ್ತು ಬಿಡುವುದಿಲ್ಲ. ಜೂಜಿನ ಯಂತ್ರಗಳ ಹಿಂದಿರುವುದೂ ಇದೇ ಲೆಕ್ಕ.

ಫೋನ್ ತೆರೆದಾಗ ಏನಾಗುತ್ತದೆ? ಹತ್ತು ಸಲದಲ್ಲಿ ಏಳು ಸಲ ಏನೂ ಇರುವುದಿಲ್ಲ ಅಂತಿಟ್ಟುಕೊಳ್ಳಿ. ಎರಡು ಸಲ ಪರವಾಗಿಲ್ಲ ಅನ್ನುವಂಥದ್ದು. ಒಂದು ಸಲ ನಿಜವಾಗಿಯೂ ಖುಷಿ ಕೊಡುವ ಮೆಸೇಜು. ಆ ಒಂದು ಸಲ ಯಾವುದು ಅಂತ ಮೊದಲೇ ಗೊತ್ತಿದ್ದರೆ ಉಳಿದ ಒಂಬತ್ತು ಸಲ ಕೈ ಹೋಗುತ್ತಿರಲಿಲ್ಲ. ಗೊತ್ತಿಲ್ಲದ್ದೇ ಅದರ ಗುಟ್ಟು.

ಮಿದುಳಿನ ಒಳಗೂ ಇದೇ ನಡೆಯುತ್ತದೆ. ಡೋಪಮೈನ್ ಅಂದರೆ ಸುಖದ ರಸ ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಅಷ್ಟು ಸರಿಯಲ್ಲ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಸಿಕ್ಕಾಗ ಆ ಕೋಶಗಳು ಚುರುಕಾದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ ರಸ ಬಂದಾಗ ಅವು ಅಲುಗಾಡಲಿಲ್ಲ, ದೀಪ ಹೊತ್ತಿದಾಗಲೇ ಚುರುಕಾದವು. ದೀಪ ಹೊತ್ತಿಯೂ ರಸ ಬರದಿದ್ದರೆ ಇದ್ದ ಮಟ್ಟಕ್ಕಿಂತಲೂ ಕುಗ್ಗಿದವು. ಅಂದರೆ ಅವು ಅಳೆಯುತ್ತಿದ್ದದ್ದು ರುಚಿಯನ್ನಲ್ಲ. ಎಣಿಸಿದ್ದಕ್ಕಿಂತ ಜಾಸ್ತಿ ಬಂತೋ ಕಡಿಮೆ ಬಂತೋ ಅನ್ನುವುದನ್ನು. ನಮಗೆ ಆ ದೀಪ ಯಾವುದು ಅಂತ ಹೇಳಬೇಕಿಲ್ಲ. ಆ್ಯಪಿನ ಮೂಲೆಯಲ್ಲಿ ಕೆಂಪು ಚುಕ್ಕೆಯಾಗಿ ಕೂತಿರುತ್ತದೆ.

ಒಂದು ಗಂಟೆ ರೀಲ್ಸ್ ನೋಡಿದ ಮೇಲೂ ಖುಷಿ ಅನ್ನಿಸದೆ ಇರುವುದು, ಆದರೂ ಮುಂದಿನದಕ್ಕೆ ಬೆರಳು ಹೋಗುವುದು ಯಾಕೆ ಅಂತ ಈಗ ಸ್ವಲ್ಪ ಗೊತ್ತಾಗುತ್ತದೆ. ಬೇಕು ಅನ್ನಿಸುವುದು ಬೇರೆ, ಇಷ್ಟವಾಗುವುದು ಬೇರೆ. ಮಿದುಳಿನಲ್ಲಿ ಇವೆರಡರ ದಾರಿ ಪೂರ್ತಿ ಒಂದೇ ಅಲ್ಲ.

ಇದರ ಮೇಲೆ ಕಟ್ಟಿದ್ದನ್ನು ನೋಡಿ. ಪುಟದ ಕೊನೆ ಬಂದರೆ ಜನ ನಿಲ್ಲುತ್ತಾರೆ, ಯೋಚಿಸುತ್ತಾರೆ. 2006ರ ಹೊತ್ತಿಗೆ ಏಜಾ ರಾಸ್ಕಿನ್ ಕೊನೆಯೇ ಇಲ್ಲದ ಪುಟವನ್ನು ರೂಪಿಸಿದರು. ಕೆಳಗೆ ಸರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಬಳಸುವವರಿಗೆ ಅನುಕೂಲವಾಗಲಿ ಅಂತ ಮಾಡಿದ್ದು. ಮುಂದೆ ಅವರೇ ಅದಕ್ಕೆ ಬಹಿರಂಗವಾಗಿ ಬೇಸರಪಟ್ಟುಕೊಂಡರು. ಪರದೆಯನ್ನು ಕೆಳಗೆಳೆದು ಬಿಟ್ಟರೆ ಹೊಸದಾಗುವ ವಿಧಾನವನ್ನು ಲೊರೆನ್ ಬ್ರಿಕ್ಟರ್ ಮಾಡಿದರು. ಜೂಜಿನ ಯಂತ್ರದ ಹಿಡಿಕೆ ಎಳೆದ ಹಾಗೇ ಇದೆ, ಅಲ್ವಾ? ಫೇಸ್‌ಬುಕ್‌ನಲ್ಲಿ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಇವರಲ್ಲಿ ಯಾರೂ ಕೆಟ್ಟವರಲ್ಲ. ಒಂದೊಂದೂ ಬಿಡಿಯಾಗಿ ನೋಡಿದರೆ ಚಿಕ್ಕ ಅನುಕೂಲ. ಎಲ್ಲ ಸೇರಿ ಒಂದೇ ಕೈಗೆ ಬಂದಾಗ ಕಥೆ ಬೇರೆಯಾಗುತ್ತದೆ.

ಯಾರ ಕೈ ಅದು? ಹರ್ಬರ್ಟ್ ಸೈಮನ್ ಅನ್ನುವ ಅರ್ಥಶಾಸ್ತ್ರಜ್ಞ 1971ರಲ್ಲೇ ಒಂದು ಮಾತು ಹೇಳಿದ್ದರು. ಮಾಹಿತಿ ತಿನ್ನುವುದು ಅದನ್ನು ಪಡೆಯುವವರ ಗಮನವನ್ನು, ಆದ್ದರಿಂದ ಮಾಹಿತಿ ಹೇರಳವಾದ ಕಡೆ ಗಮನಕ್ಕೆ ಬರ ಬರುತ್ತದೆ ಅನ್ನುವುದು ಅದರ ಸಾರ. ಬರ ಬಂದದ್ದಕ್ಕೆ ಬೆಲೆ ಏರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಆದಾಯದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಜಾಹೀರಾತಿನಿಂದ ಬರುತ್ತಿದೆ. ನೀವು ಒಂದು ಪುಟ ತೆರೆಯುವ ಕಣ್ಣೆವೆಯಷ್ಟು ಹೊತ್ತಿನಲ್ಲಿ ಅದರಲ್ಲಿನ ಜಾಹೀರಾತಿನ ಜಾಗಕ್ಕೆ ಹರಾಜು ನಡೆದು ಮುಗಿದಿರುತ್ತದೆ. ಹರಾಜಿಗಿಟ್ಟದ್ದು ನಿಮ್ಮ ಮುಂದಿನ ಕೆಲವು ಸೆಕೆಂಡುಗಳನ್ನು. ನೀವು ಜಾಸ್ತಿ ಹೊತ್ತು ಇದ್ದಷ್ಟೂ ಹರಾಜು ಜಾಸ್ತಿ. ಸುಮ್ನೆ ಸಿಕ್ಕಿದ್ದಕ್ಕೆ ನಾವು ಕೊಡುವ ಬೆಲೆ ಇದು. ಈ ಕಡೆ ಒಬ್ಬರ ಮನಸ್ಸಿನ ಗಟ್ಟಿತನ, ಆ ಕಡೆ ಸಾವಿರಾರು ಎಂಜಿನಿಯರುಗಳು. ಸೋತರೆ ನಾಚಿಕೆಪಡಬೇಕಾದ ಪಂದ್ಯ ಇದಲ್ಲ.

ರಾತ್ರಿ, ಮತ್ತು ಮನೆಯವರು

ನಿದ್ದೆಯ ವಿಷಯ ಎಲ್ಲರಿಗೂ ಗೊತ್ತು, ಆದರೆ ಕಾರಣ ಸ್ವಲ್ಪ ತಪ್ಪಾಗಿ ಗೊತ್ತು. ಎಲ್ಲರೂ ಪರದೆಯಿಂದ ಬರುವ ನೀಲಿ ಬೆಳಕನ್ನು ಬೈಯುತ್ತಾರೆ. ಕಣ್ಣಿನ ಹಿಂಪರದೆಯಲ್ಲಿ ಹಗಲೋ ಇರುಳೋ ಅಂತ ಮಿದುಳಿಗೆ ತಿಳಿಸುವ ಕೋಶಗಳಿವೆ, ಅವಕ್ಕೆ ನೀಲಿ ಬೆಳಕು ಚೆನ್ನಾಗಿ ತಾಗುತ್ತದೆ, ನಿಜ. ಬಹಳ ಹೆಸರಾದ ಒಂದು ಪ್ರಯೋಗದಲ್ಲಿ ಮಲಗುವ ಮೊದಲು ಬೆಳಗುವ ಪರದೆಯಲ್ಲಿ ಓದಿದವರಿಗೆ ನಿದ್ದೆ ಹತ್ತಲು ಕಾಗದದ ಪುಸ್ತಕ ಓದಿದವರಿಗಿಂತ ಸುಮಾರು 10 ನಿಮಿಷ ಜಾಸ್ತಿ ಹಿಡಿಯಿತು. ಅದೂ 4 ಗಂಟೆ ಓದಿಸಿ, ಬೆಳಕನ್ನು ಪೂರ್ತಿ ಏರಿಸಿ. ಹತ್ತೇ ನಿಮಿಷ. ಅದಕ್ಕಿಂತ ದೊಡ್ಡ ನಷ್ಟ ಸುಲಭವಾಗಿ ಕಾಣುತ್ತದೆ. 11ಕ್ಕೆ ಮಲಗುತ್ತೇನೆ ಅಂದುಕೊಂಡವರು 12:30ಕ್ಕೆ ಮಲಗುತ್ತಾರೆ. ಯಾರೂ ತಡೆದಿರುವುದಿಲ್ಲ, ಕೆಲಸವೂ ಇರುವುದಿಲ್ಲ. 2014ರಲ್ಲಿ ಡಚ್ ಸಂಶೋಧಕರು ಇದನ್ನೇ ಒಂದು ಅಧ್ಯಯನದ ವಿಷಯ ಮಾಡಿ, ಮಲಗುವುದನ್ನು ಮುಂದೂಡುವ ಚಟ ಅಂತ ಕರೆದರು. ಪರದೆಯನ್ನು ಹಳದಿ ಮಾಡಿಕೊಂಡು ಒಂದೂವರೆ ಗಂಟೆ ನೋಡಿದರೆ ಉಪಯೋಗ ಏನು?

ದಿನವೆಲ್ಲ ಬೇರೆಯವರಿಗಾಗಿ ದುಡಿದವರಿಗೆ ಆ ರಾತ್ರಿಯ ಹೊತ್ತು ಒಂದೇ ತಮ್ಮದು ಅನ್ನಿಸುತ್ತದೆ. ಅದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿರುವ ಹಟ. ಆದರೆ ಮರುದಿನ ಬೆಳಿಗ್ಗೆ ಅಲಾರಂ ಹೊಡೆಯುವುದೂ ಅದೇ ಫೋನು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಕತ್ತು ಬಗ್ಗಿಸುವುದು, ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುವುದು, ಹೆಬ್ಬೆರಳಿನ ನೋವು, ಇವು ಮೈಗೇ ಗೊತ್ತಾಗುವ ನಷ್ಟಗಳು. ಇಲ್ಲಿ ಬೆಳೆಸುವುದಿಲ್ಲ.

ಇನ್ನೊಬ್ಬರ ಖಾತೆಯಲ್ಲಿ ಬರೆಯುವ ನಷ್ಟ ಒಂದಿದೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ತಾಯಂದಿರಿಗೆ ಒಂದು ಕೆಲಸ ಕೊಟ್ಟರು. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೆಲವು ನಿಮಿಷ ಕೂರಬೇಕು. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಆಮೇಲೆ ಮುಖ ತಿರುಗಿಸಿಕೊಳ್ಳುತ್ತದೆ, ಅಳುತ್ತದೆ. ಅದು ಫೋನಿನ ಪ್ರಯೋಗವಲ್ಲ. ಆಗ ಇಂಥ ಫೋನೇ ಇರಲಿಲ್ಲ. ಆದರೆ ಫೋನ್ ನೋಡುವಾಗ ನಮ್ಮ ಮುಖ ಹೇಗಿರುತ್ತದೆ ಅಂತ ಒಮ್ಮೆ ಯಾರ ಕೈಲಾದರೂ ಫೋಟೊ ತೆಗೆಸಿ ನೋಡಿ. ನಾನು ನೋಡಿದೆ. ನನ್ನ ಜೊತೆ ಮಾತಾಡಲು ನನಗೇ ಮನಸ್ಸಾಗಲಿಲ್ಲ.

ಸುಮ್ಮನಿರುವ ಹೊತ್ತು

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ನಷ್ಟಕ್ಕೆ ಈಗ ಬಂದೆ. ಸಾಲಿನಲ್ಲಿ ನಿಂತ ಮೂರು ನಿಮಿಷ. ಲಿಫ್ಟ್ ಬರುವವರೆಗಿನ ಅರ್ಧ ನಿಮಿಷ. ಊಟವಾದ ಮೇಲೆ ಗೋಡೆಗೊರಗಿ ಕೂತ ಕಾಲು ಗಂಟೆ. ಇಂಥ ಸಂದುಗಳು ಮೊದಲು ಖಾಲಿ ಇರುತ್ತಿದ್ದವು. ಫೋನ್ ದೊಡ್ಡ ಹೊತ್ತುಗಳನ್ನು ಕದಿಯುವುದು ಹೇಗೂ ಕಣ್ಣಿಗೆ ಬೀಳುತ್ತದೆ. ಈ ಸಂದುಗಳನ್ನು ತುಂಬಿದ್ದು ಯಾರಿಗೂ ಕಾಣಲಿಲ್ಲ.

ಖಾಲಿ ಅಂದರೆ ಮಿದುಳು ಖಾಲಿ ಇರುತ್ತದೆ ಅಂತ ಅಲ್ಲ. 2001ರಲ್ಲಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಹೇಳಿದ್ದು ಇದನ್ನೇ. ಮನುಷ್ಯ ಏನೂ ಮಾಡದೆ ಸುಮ್ಮನಿರುವಾಗ ಮಿದುಳಿನ ಕೆಲವು ಭಾಗಗಳು ಇನ್ನೂ ಹೆಚ್ಚು ಕೆಲಸ ಮಾಡುತ್ತಿರುತ್ತವೆ. ಹಳೆಯದನ್ನು ನೆನೆಯುವುದು, ನಾಳೆಯನ್ನು ಯೋಚಿಸುವುದು, ಅವಳು ಯಾಕೆ ಹಾಗಂದಳು ಅಂತ ಇನ್ನೊಬ್ಬರ ಮನಸ್ಸನ್ನು ಊಹಿಸುವುದು, ಇವಕ್ಕೆಲ್ಲ ಆ ಭಾಗಗಳೇ ಬೇಕು. ಸ್ನಾನ ಮಾಡುವಾಗ ಒಳ್ಳೆಯ ಯೋಚನೆ ಹೊಳೆಯುತ್ತದೆ ಅನ್ನುತ್ತಾರಲ್ಲ, ಅಲ್ಲಿಗೆ ಫೋನ್ ಬರುವುದಿಲ್ಲ ಅನ್ನುವುದೂ ಒಂದು ಕಾರಣ ಅಂತ ನನ್ನ ಗುಮಾನಿ. ಈಗ ನೀರು ತಾಗಿದರೂ ಕೆಡದ ಫೋನುಗಳು ಬಂದಿವೆ, ಅದು ಬೇರೆ ಮಾತು.

ಹಾಗಂತ ಸುಮ್ಮನಿರುವುದು ಸುಲಭ ಅಂತಲ್ಲ. 2014ರಲ್ಲಿ ಟಿಮೊತಿ ವಿಲ್ಸನ್ ಅವರ ತಂಡ ಕೆಲವರನ್ನು ಒಂದು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿತು. ಯೋಚಿಸುತ್ತಾ ಕೂರುವುದಷ್ಟೇ ಕೆಲಸ. ಬೇಕಿದ್ದರೆ ಒಂದು ಗುಂಡಿ ಒತ್ತಿ ಸಣ್ಣಗೆ ಕರೆಂಟ್ ಹೊಡೆಸಿಕೊಳ್ಳಬಹುದು. ಈ ಶಾಕ್ ತಪ್ಪಿಸಿಕೊಳ್ಳಲು ದುಡ್ಡನ್ನಾದರೂ ಕೊಡುತ್ತೇವೆ ಅಂತ ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಮ್ಮೆಯಾದರೂ ಗುಂಡಿ ಒತ್ತಿದರು. ಸುಮ್ಮನೆ ಕೂರುವುದಕ್ಕಿಂತ ಅದೇ ವಾಸಿ ಅನ್ನಿಸಿರಬೇಕು. ನಮ್ಮ ಜೇಬಿನಲ್ಲಿರುವುದು ಅದಕ್ಕಿಂತ ತುಂಬಾ ಹಿತವಾದ ಗುಂಡಿ. ಒತ್ತದೆ ಇರುವುದು ಕಷ್ಟವೇ.

ಬೇಕಂತಲೇ

ಇಷ್ಟೆಲ್ಲ ಬರೆದು ಫೋನ್ ಬಿಸಾಡಿ ಅನ್ನುವವನಲ್ಲ ನಾನು. ಹೆದರಿಸುವವರ ಮಾತನ್ನೂ ಪೂರ್ತಿ ನಂಬಬೇಡಿ. ಏಮಿ ಓರ್ಬೆನ್ ಮತ್ತು ಆಂಡ್ರೂ ಪ್ರಿಜಿಬಿಲ್‌ಸ್ಕಿ 2019ರಲ್ಲಿ ಲಕ್ಷಗಟ್ಟಲೆ ಹದಿಹರೆಯದವರ ಮಾಹಿತಿ ಜಾಲಾಡಿದಾಗ, ಅವರ ನೆಮ್ಮದಿಯಲ್ಲಿ ಕಂಡ ವ್ಯತ್ಯಾಸದ ಬರೀ 0.4 ಶೇಕಡದಷ್ಟನ್ನು ಮಾತ್ರ ಡಿಜಿಟಲ್ ಬಳಕೆಯ ಜೊತೆ ಜೋಡಿಸಲು ಆಯಿತು. ಸರಾಸರಿ ಅಂದರೆ ಹಾಗೇ. ಒಬ್ಬರಿಗೆ ಆಸರೆಯಾದದ್ದು ಇನ್ನೊಬ್ಬರಿಗೆ ಉರುಳಾಗಿರುತ್ತದೆ, ಕೂಡಿಸಿ ಭಾಗಿಸಿದರೆ ಏನೂ ಕಾಣುವುದಿಲ್ಲ. ಅದಕ್ಕೇ ಗಂಟೆ ಎಣಿಸುವುದು ನನಗೆ ರುಚಿಸುವುದಿಲ್ಲ. ಸುಮ್ನೆ ತೆಗೆದದ್ದು ಎಷ್ಟು, ಬೇಕಂತಲೇ ತೆಗೆದದ್ದು ಎಷ್ಟು ಅನ್ನುವುದೇ ನನಗೆ ಸರಿಯಾದ ಲೆಕ್ಕ ಅನ್ನಿಸುತ್ತದೆ. 'ಬೇಕಂತಲೇ ಮಾಡಿದ' ಅಂತ ನಾವು ಬೈಯುವಾಗ ಮಾತ್ರ ಹೇಳುತ್ತೇವೆ. ಒಳ್ಳೆಯದನ್ನೂ ಹಾಗೇ ಮಾಡಬಹುದು.

ಇಲ್ಲಿ ಉಪಯೋಗಕ್ಕೆ ಬರುವುದು ಆ ಕ್ಷಣದ ಹಟವಲ್ಲ. ಫೋನ್ ಕೈಯಲ್ಲಿಲ್ಲದಾಗ ಮಾಡಿಟ್ಟ ತೀರ್ಮಾನ. ಪೀಟರ್ ಗೋಲ್ವಿಟ್ಸರ್ ಅನ್ನುವ ಮನೋವಿಜ್ಞಾನಿ 1990ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. 'ಫೋನ್ ಕಡಿಮೆ ಮಾಡುತ್ತೇನೆ' ಅನ್ನುವ ಸಂಕಲ್ಪ ಜಾರಿಹೋಗುತ್ತದೆ. 'ಊಟಕ್ಕೆ ಕೂತರೆ ಫೋನನ್ನು ಕಪಾಟಿನ ಮೇಲಿಡುತ್ತೇನೆ' ಅಂತ ಯಾವಾಗ, ಏನು ಅನ್ನುವುದನ್ನು ಗಂಟು ಹಾಕಿದರೆ ನಿಲ್ಲುತ್ತದೆ. ಆ ಹೊತ್ತು ಬಂದಾಗ ಮತ್ತೆ ಯೋಚಿಸಬೇಕಾಗಿಲ್ಲ, ಹಾಗಾಗಿ ಸೋಲುವ ಅವಕಾಶವೂ ಕಡಿಮೆ.

ನೋಟಿಫಿಕೇಶನ್ ಬಗ್ಗೆ 2019ರ ಒಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ಕೆಲವರಿಗೆ ಎಲ್ಲ ಸೂಚನೆಗಳನ್ನೂ ಒಟ್ಟು ಮಾಡಿ ದಿನಕ್ಕೆ ಮೂರೇ ಸಲ ಕೊಟ್ಟರು. ಅವರ ಮನಸ್ಸು ಹಗುರಾಯಿತು, ಕೆಲಸವೂ ಚೆನ್ನಾಯಿತು. ಕೆಲವರಿಗೆ ಪೂರ್ತಿ ನಿಲ್ಲಿಸಿಬಿಟ್ಟರು. ಅವರಿಗೆ ಅಂಥ ಲಾಭವೇನೂ ಆಗಲಿಲ್ಲ, ಏನೋ ತಪ್ಪಿಹೋಗುತ್ತಿದೆ ಅನ್ನುವ ಕಳವಳ ಜಾಸ್ತಿಯಾಯಿತು. ಬಾಗಿಲಿಗೆ ಬೀಗ ಹಾಕುವುದಕ್ಕಿಂತ, ಅಂಚೆಯವರು ಇಂಥ ಹೊತ್ತಿಗೆ ಬರುತ್ತಾರೆ ಅಂತ ಗೊತ್ತಿರುವುದು ವಾಸಿ.

ಪರದೆಯನ್ನು ಕಪ್ಪು ಬಿಳುಪು ಮಾಡುವುದು ಇನ್ನೊಂದು. ಹುಡುಗಾಟ ಅನ್ನಿಸುತ್ತದೆ. ಆದರೆ 2020ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ ನೋಡಿದಾಗ ದಿನಕ್ಕೆ ಸರಾಸರಿ 38 ನಿಮಿಷದಷ್ಟು ಬಳಕೆ ಇಳಿಯಿತು. ಕೆಂಪು ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿದರೆ ದೀಪ ಹೊತ್ತಿದ ಹಾಗಾಗುವುದಿಲ್ಲ.

ದೊಡ್ಡ ಪ್ರಯೋಗಗಳೂ ನಡೆದಿವೆ. 2025ರಲ್ಲಿ ಪ್ರಕಟವಾದ ಒಂದರಲ್ಲಿ 467 ಜನ ಎರಡು ವಾರ ಫೋನಿನಲ್ಲಿ ಇಂಟರ್ನೆಟ್ ಮಾತ್ರ ನಿಲ್ಲಿಸಲು ಒಪ್ಪಿದರು. ಕರೆ ಮಾಡಬಹುದು, ಎಸ್ಸೆಮ್ಮೆಸ್ ಕಳಿಸಬಹುದು, ಕಂಪ್ಯೂಟರಿನಲ್ಲಿ ಇಂಟರ್ನೆಟ್ ನೋಡಬಹುದು. ಗಮನ, ನೆಮ್ಮದಿ, ಮನಸ್ಸಿನ ಆರೋಗ್ಯ ಮೂರೂ ಸುಧಾರಿಸಿದವು. ಆದರೆ ಎರಡು ವಾರ ಪೂರ್ತಿ ನಿಭಾಯಿಸಲು ಹೆಚ್ಚಿನವರಿಗೆ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. 2018ರಲ್ಲಿ ಅಮೆರಿಕದಲ್ಲಿ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದಾಗ ಜನರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಆ ಹೊತ್ತು ಒಂದಿಷ್ಟು ಟಿವಿಗೆ ಹೋಯಿತು, ಒಂದಿಷ್ಟು ಮನೆಯವರಿಗೆ, ಗೆಳೆಯರಿಗೆ. ನೆಮ್ಮದಿ ಸ್ವಲ್ಪ ಹೆಚ್ಚಿತು. ಸುದ್ದಿಗಳ ತಿಳಿವಳಿಕೆ ಕಡಿಮೆಯಾಯಿತು. ಬಿಡುವುದಕ್ಕೂ ಒಂದು ಬೆಲೆ ಇದೆ. ಅದನ್ನು ಕೊಡಲು ತಯಾರಿದ್ದೀರಾ ಅನ್ನುವುದು ಅವರವರಿಗೆ ಬಿಟ್ಟದ್ದು.

ನಾನು ಮಾಡಿದ್ದು ಇಷ್ಟೆಲ್ಲ ಅಲ್ಲ. ಒಂದು ಚೀಟಿಯನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಫೋನಿಗೆ ಕಟ್ಟಿದೆ, ಪಕ್ಕದಲ್ಲೊಂದು ಪೆನ್ನಿಟ್ಟೆ. ಫೋನ್ ತೆರೆಯುವ ಮೊದಲು ಯಾಕೆ ಅಂತ ಒಂದು ಪದ ಬರೆಯಬೇಕು, ಅಷ್ಟೇ ನಿಯಮ. ಮೊದಲ ದಿನದ ಚೀಟಿಯಲ್ಲಿ ಜಾಸ್ತಿ ಬಂದ ಪದ ಯಾವುದು ಅಂತ ನೀವು ಊಹಿಸಿರುತ್ತೀರಿ. ಮೂರನೇ ದಿನಕ್ಕೆ ಬರೆಯಲು ಬೇಜಾರಾಗಿ ಎಷ್ಟೋ ಸಲ ಫೋನನ್ನೇ ತೆರೆಯಲಿಲ್ಲ. ಸೋಮಾರಿತನ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

'ಸುಮ್ನೆ' ಬಿಟ್ಟರೆ ಜಾಸ್ತಿ ಇದ್ದದ್ದು 'ಗಂಟೆ ಎಷ್ಟು'. ಗಂಟೆ ನೋಡಲು ತೆಗೆದ ಮೇಲೆ ಬೇರೆ ಏನೇನು ನೋಡಿದೆನೋ, ಅದು ಚೀಟಿಯಲ್ಲಿಲ್ಲ. ಡ್ರಾಯರಿನಲ್ಲಿ ಬಿದ್ದಿದ್ದ ಹಳೇ ಕೈಗಡಿಯಾರಕ್ಕೆ ಸೆಲ್ ಹಾಕಿಸಿದೆ. ಅದು ಐದು ನಿಮಿಷ ಮುಂದೆ ಓಡುತ್ತದೆ. ಸರಿ ಮಾಡಬೇಕು, ಇನ್ನೂ ಮಾಡಿಲ್ಲ.